ಶಹಜಾದಿಯ ಏಳು ಹೊರಳು

ದಿನವಿಡೀ ದುಡಿದು ಬಂದ ಕುದುರೆಯ ಬೆನ್ನಿನಿಂದ ಜೀನು ಇಳಿಸಿದರೆ ಅದು ಮೊದಲು ಹುಡುಕುವುದು ಹುರುಳಿಯನ್ನಲ್ಲ, ಒಂದಿಷ್ಟು ಧೂಳನ್ನು. ಧೂಳು ಸಿಕ್ಕಿದ ಕಡೆ ಮೊಣಕಾಲು ಮಡಚಿ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿ, ಎದ್ದು ಮೈ ಕೊಡವಿಕೊಂಡಿತೆಂದರೆ ದಣಿವೆಲ್ಲ ಮಣ್ಣಿನ ಜೊತೆ ಉದುರಿತು ಎಂದು ಅರ್ಥ. ಶಿರಾದಲ್ಲಿ ಶಫೀವುಲ್ಲಾನ ಮನೆಯ ಹಿಂದೆ ಇದಕ್ಕೆಂದೇ ಕಲ್ಲು ಆರಿಸಿ ಬೂದಿ ಬೆರೆಸಿದ ಒಂದು ಜಾಗವಿತ್ತು. ಅವನ ಅಪ್ಪ ಜಟಕಾ ಹೊಡೆಯುತ್ತಿದ್ದವನು. ಸಂಜೆ ಹೊರಳದ ಕುದುರೆಗೆ ಬೆಳಿಗ್ಗೆ ಗಾಡಿ ಕಟ್ಟಬಾರದು ಎನ್ನುವುದು ಅವನು ಹಾಕಿಟ್ಟ ಕಟ್ಟಳೆ. ಬಸ್ ಸ್ಟ್ಯಾಂಡಿನಲ್ಲಿ ಗಿರಾಕಿಗಳು ಮೂಟೆ ಇಟ್ಟುಕೊಂಡು ಬೈಯುತ್ತ ನಿಂತರೂ ಕಟ್ಟುತ್ತಿರಲಿಲ್ಲ.

ಶಹಜಾದಿ ಹೊರಳಿ ಒಂಬತ್ತು ದಿನವಾಗಿತ್ತು.

ಶಹಜಾದಿ ಅಂದರೆ ಹೆಣ್ಣು ಕುದುರೆ. ಮದುವೆ ಮೆರವಣಿಗೆಯಲ್ಲಿ ಗಂಡನ್ನು ಹೊರುವುದು ಅದರ ಉದ್ಯೋಗ. ಬಣ್ಣ ಬಿಳಿ. ಪೂರ್ತಿ ಬಿಳಿಯಲ್ಲ, ಹೊಟ್ಟೆಯ ಕಡೆ ಕಂದು ಮಚ್ಚೆಗಳಿದ್ದವು, ಅವುಗಳ ಮೇಲೆ ಶಫೀವುಲ್ಲಾ ಮುಖಕ್ಕೆ ಹಚ್ಚುವ ಪೌಡರು ಹಚ್ಚುತ್ತಿದ್ದ. ಅವನನ್ನು ಯಾರಾದರೂ 'ಕುದುರೆ ಸಾಬ್ರೆ' ಎಂದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಶಿರಾದಲ್ಲಿ ಹಿಂದೆ ಸುಬೇದಾರರ ದರ್ಬಾರು ಇದ್ದಾಗ ಅವರ ಕುದುರೆ ಲಾಯಕ್ಕೆ ತನ್ನ ಮುತ್ತಾತನ ಮುತ್ತಾತನೇ ಜಮಾದಾರ ಎಂದು ಅವನು ಹೇಳಿಕೊಳ್ಳುವುದು ವಾಡಿಕೆ. ಮೊದಮೊದಲು ಅವನು ಹೇಳುವ ಲಾಯದಲ್ಲಿ ನೂರು ಕುದುರೆ ಇದ್ದವು. ಅವನಿಗೆ ಐವತ್ತಾರು ತುಂಬುವಷ್ಟರಲ್ಲಿ ಅವು ಎರಡು ಸಾವಿರ ಮರಿ ಹಾಕಿದ್ದವು. ಅವನ ಕಾರ್ಡಿನ ಮೇಲೆ 'ಶಾಹಿ ಸವಾರಿ' ಎಂದೂ ಅದರ ಕೆಳಗೆ 'ಶಫೀವುಲ್ಲಾ, ಅಶ್ವಾಧಿಪತಿ' ಎಂದೂ ಅಚ್ಚಾಗಿತ್ತು. ಅಧಿಪತಿಯ ಸೈನ್ಯದಲ್ಲಿ ಇದ್ದದ್ದು ಈ ಒಂದೇ ಕುದುರೆ.

ಹೊರಳದೆ ಇರಲು ಕಾರಣ ಬೆನ್ನ ಮೇಲಿತ್ತು. ಮಾಘದಿಂದ ಎಡೆಬಿಡದೆ ಮದುವೆಗಳು. ಕೊರಟಗೆರೆಯಲ್ಲಿ ಬೆಳಿಗ್ಗೆ, ಮಧುಗಿರಿಯಲ್ಲಿ ಸಂಜೆ, ಮಾರನೆಯ ದಿನ ಮತ್ತೆ ಶಿರಾ. ಜೀನಿನ ಕೆಳಗೆ ಅಂಗೈಯಗಲ ಚರ್ಮ ಕಿತ್ತು ಕೆಂಪಾಗಿ, ಆಮೇಲೆ ಕೀವಾಗಿತ್ತು. ಜರಿಯ ಹೊದಿಕೆ ಹಾಕಿದರೆ ಅದು ಕಾಣುತ್ತಿರಲಿಲ್ಲ. ಕಾಣದೇ ಇದ್ದದ್ದು ಶಫೀವುಲ್ಲಾನ ಮಟ್ಟಿಗೆ ಅರ್ಧ ವಾಸಿಯಾದ ಹಾಗೆಯೇ.

ಅವನ ಹೆಂಡತಿ ಸಾಬೀರಾ ಹಾಗಲ್ಲ. ಅವಳು ಪಶು ಆಸ್ಪತ್ರೆಯ ಡಾಕ್ಟರು ಜ್ಯೋತಿಲಕ್ಷ್ಮಿಯವರನ್ನು ಮನೆಗೇ ಕರೆತಂದಳು. ಅವರು ಗಾಯ ತೊಳೆದು ಮುಲಾಮು ಕೊಟ್ಟು, ಹದಿನೈದು ದಿನ ಬೆನ್ನ ಮೇಲೆ ಒಂದು ಟವೆಲ್ಲನ್ನೂ ಹಾಕಬೇಡಿ ಅಂದರು. ಆಮೇಲೆ ಕುದುರೆಯ ಒಸಡನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದರು.

"ನೀರು ಎಷ್ಟು ಕುಡಿಸ್ತೀರಾ?"

"ಶಾಹಿ ಖಾಂದಾನಿನ ಕುದುರೆ ಡಾಕ್ಟ್ರಮ್ಮ, ಬೇಕಾದಷ್ಟು," ಅಂದ ಶಫೀವುಲ್ಲಾ.

"ಮೆರವಣಿಗೆ ದಿನ ಒಂದು ತೊಟ್ಟೂ ಕೊಡಲ್ಲ," ಅಂದಳು ಸಾಬೀರಾ ಗೋಡೆ ನೋಡಿಕೊಂಡು.

ಅದೂ ನಿಜವೇ. ಎರಡು ವರ್ಷದ ಹಿಂದೆ ಒಂದು ಛತ್ರದ ಮುಂದೆ ಆರತಿ ತಟ್ಟೆ ಎದುರಿಗೆ ಬಂದ ಹೊತ್ತಿಗೆ ಸರಿಯಾಗಿ ಶಹಜಾದಿ ಕಾಲಗಲಿಸಿ ನಿಂತು, ಹೆಣ್ಣಿನ ಸೋದರಮಾವ ಬೆಳಗಿನಿಂದ ಹಾಕಿಸಿದ್ದ ರಂಗೋಲಿಯನ್ನು ಉಚ್ಚೆ ಹೊಯ್ದು ತೊಳೆದುಬಿಟ್ಟಿತ್ತು. ವಿಡಿಯೋದವನು ಅದನ್ನೂ ಬಿಡದೆ ಹಿಡಿದಿದ್ದ. ಸುಬೇದಾರರ ಜಮಾದಾರನ ವಂಶಕ್ಕೆ ಅಂಥ ಅವಮಾನ ಅದೇ ಮೊದಲು. ಅವತ್ತಿನಿಂದ ಮೆರವಣಿಗೆಯ ದಿನ ಬೆಳಗಿನಿಂದ ನೀರು ಬಂದ್. ಇಂಥ ಕುದುರೆಗಳನ್ನು ಸಾಕುವ ಇನ್ನೂ ಕೆಲವರು ಹಾಗೇ ಮಾಡುತ್ತಾರೆ ಎನ್ನುವುದು ಅವನ ಸಮಾಧಾನ.

"ಹೀಗೆ ನೀರು ನಿಲ್ಸೋದು ಒಂದು ದಿನ ಬೀಳ್ಸುತ್ತೆ ಅದನ್ನ," ಅಂದರು ಡಾಕ್ಟರು. ಬೈಯುವ ದನಿಯಲ್ಲಲ್ಲ, ನಾಳೆ ಗುರುವಾರ ಅಂದ ಹಾಗೆ ಅಂದರು. ಶಫೀವುಲ್ಲಾನಿಗೆ ಅದು ಹಿಡಿಸಲಿಲ್ಲ.

ಇದಾಗಿ ನಾಲ್ಕು ದಿನಕ್ಕೆ ಮಗಳು ಸುಮಯ್ಯಳಿಗೆ ಹೆರಿಗೆಯಾಯಿತೆಂದು ಸಾಬೀರಾ ಕೊರಟಗೆರೆಗೆ ಹೊರಟಳು. ಬಸ್ಸು ಹತ್ತುವ ಮುಂಚೆ ಕುದುರೆಯ ಗಲ್ಲ ಸವರಿ, ಗಂಡನ ಕಡೆ ತಿರುಗಿದಳು.

"ನಿಮ್ಮ ಅಪ್ಪನ ಮಾತಾದ್ರೂ ಉಳಿಸ್ಕೊಳ್ಳಿ. ಅವಳು ಹೊರಳೋ ತನಕ ಜೀನು ಹಾಕ್ಬೇಡಿ. ದಿನಾ ಸಂಜೆ ಫೋನ್ ಮಾಡಿ ಕೇಳ್ತೀನಿ."

"ಹಾಕಲ್ಲ ಅಂದ್ರೆ ಹಾಕಲ್ಲ. ನಾಲಿಗೆ ಒಂದೇ ನನಗೆ."

ಆ ನಾಲಿಗೆ ಮೂರು ದಿನ ನೆಟ್ಟಗಿತ್ತು. ಸಾಬೀರಾ ಸಂಜೆ ಫೋನ್ ಮಾಡಿ "ಹೊರಳಿದ್ಲಾ?" ಎಂದು ಕೇಳುವುದು, ಇವನು "ಇಲ್ಲ" ಎನ್ನುವುದು, ಅವಳು "ಹೂಂ" ಎಂದು ಇಡುವುದು. ಹಸಿ ಹುಲ್ಲು ತರುವುದು ಅವಳ ಕೆಲಸವಾಗಿತ್ತು. ಅವಳಿಲ್ಲದ್ದರಿಂದ ಅಟ್ಟದ ಮೇಲಿದ್ದ ಒಣ ಕಡಲೆಬಳ್ಳಿಯನ್ನೇ ಶಫೀವುಲ್ಲಾ ಎಳೆದು ಎಳೆದು ಹಾಕಿದ. ಶಹಜಾದಿ ತಿಂದಿತು. ಗಾಯದ ಮೇಲೆ ಕಾಗೆಯೊಂದು ಬಂದು ಕೂರುತ್ತಿತ್ತು. ಓಡಿಸಿದರೆ ಗೋಡೆಯ ಮೇಲೆ ಕೂತು ಕಾಯುತ್ತಿತ್ತು.

ನಾಲ್ಕನೆಯ ದಿನ ಪಾವಗಡದ ಆಚೆ ವಳ್ಳೂರಿನಿಂದ ಓಬಳರಾಜು ಎಂಬುವರ ಫೋನು ಬಂತು. ಹೊಲವನ್ನೆಲ್ಲ ಸೋಲಾರಿನವರಿಗೆ ಬಿಟ್ಟುಕೊಟ್ಟು, ಉಳುವ ಕೆಲಸವಿಲ್ಲದೆ, ಊರಿನ ಎಲ್ಲ ವಿಚಾರಕ್ಕೂ ಅಧ್ಯಕ್ಷತೆ ವಹಿಸುತ್ತಿದ್ದ ಮನುಷ್ಯ.

"ಏಮಯ್ಯಾ ಸಾಬೂ, ಮಾ ಸುನೀಲ್‌ಕುಮಾರ್ ಮದ್ವೆ ಗುರುವಾರ. ನಾಲ್ಕು ಗಂಟೆಗೆ ಮೆರವಣಿಗೆ. ನಿನ್ ಕುದ್ರೆ ರಾವಾಲ, ಬರ್ಲೇಬೇಕು."

"ಕುದುರೆ ರಜದಲ್ಲಿ ಐತೆ ಸಾರ್."

"ಕುದ್ರೆಗೂ ರಜಾನಾ? ಆಫೀಸರಾ ಅದು?" ಓಬಳರಾಜು ನಕ್ಕರು. "ಪರ್ವಾಲೇದು ಬುಡು. ಪಕ್ಕದೂರೋರು ಗಂಡನ್ನ ಜೆಸಿಬಿ ಬಕೆಟ್‌ನಾಗೆ ಕೂರಿಸ್ಕೊಂಡು ಬಂದ್ರು. ಜನ ಎಂಗೆ ವಿಜಿಲ್ ಹೊಡೆದ್ರು ಗೊತ್ತಾ. ನಾವೂ ಅದನ್ನೇ ಹೇಳ್ತೀವಿ."

ಬೇರೆ ಕುದುರೆ ತರಿಸುತ್ತೇನೆ ಅಂದಿದ್ದರೆ ಶಫೀವುಲ್ಲಾ ಸುಮ್ಮನಿರುತ್ತಿದ್ದನೋ ಏನೋ. ಜೆಸಿಬಿ ಎಂಬ ಮಾತು ನೇರವಾಗಿ ಮುತ್ತಾತನ ಮುತ್ತಾತನಿಗೆ ತಗುಲಿತು. ಚರಂಡಿ ತೋಡುವ ಯಂತ್ರ ತನ್ನ ಶಹಜಾದಿಯ ಜಾಗದಲ್ಲಿ.

"ನೋಡೋಣ ಸಾರ್. ಬುಧವಾರ ಹೇಳ್ತೀನಿ," ಅಂದ.

ಫೋನು ಇಟ್ಟವನು ಆ ಹೊತ್ತಿನಿಂದ ಕುದುರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಬೂದಿ ಮಣ್ಣನ್ನು ಸಡಿಲ ಮಾಡಿದ. ಹಗ್ಗ ಬಿಚ್ಚಿ ಅದರ ನಡುವೆ ತಂದು ನಿಲ್ಲಿಸಿದ. ಬೆನ್ನಿಗೆ ಒಂದು ಹಿಡಿ ಮಣ್ಣು ಎರಚಿ ನೆನಪು ಮಾಡಿಕೊಟ್ಟ. ಶಹಜಾದಿ ಅವನನ್ನು ನೋಡುತ್ತ ನಿಂತಿತು. ಬುಧವಾರ ಓಬಳರಾಜು ಮತ್ತೆ ಫೋನ್ ಮಾಡಿದಾಗ, ಗುರುವಾರ ಬೆಳಗ್ಗೆ ಮಧುಗಿರಿಯಲ್ಲೂ ಒಂದು ಮೆರವಣಿಗೆ ಒಪ್ಪಿಕೊಂಡಾಗಿದೆ, ಅದನ್ನು ಮುಗಿಸಿ ನಿಮ್ಮಲ್ಲಿಗೆ ಎಂದು ಹೇಳಿಬಿಟ್ಟಿದ್ದ. ಹೊರಳುವುದೊಂದು ಬಾಕಿಯಿತ್ತು. ಮಿಕ್ಕದ್ದೆಲ್ಲ ತಯಾರಾಗಿತ್ತು.

ಗುರುವಾರ ಬೆಳಗಿನ ನಮಾಜು ಮುಗಿಸಿ ಹಿತ್ತಲಿಗೆ ಬಂದವನು ಬಾಗಿಲಲ್ಲೇ ನಿಂತ. ಶಹಜಾದಿ ಬೂದಿ ಮಣ್ಣಿನ ಮೇಲೆ ಬಿದ್ದು ಹೊರಳುತ್ತಿತ್ತು. ಒಂದು, ಎರಡು. ಎದ್ದಿತು, ಮೈ ಕೊಡವಲಿಲ್ಲ, ಸುತ್ತು ಹಾಕಿ ಮತ್ತೆ ಬಿತ್ತು. ಮೂರು, ನಾಲ್ಕು. ಗಾಯದ ಬೆನ್ನನ್ನೇ ನೆಲಕ್ಕೆ ಉಜ್ಜಿ ಉಜ್ಜಿ ಹೊರಳಿತು. ಮತ್ತೆ ಎದ್ದು, ಮತ್ತೆ ಬಿದ್ದು, ಏಳಾಯಿತು. ಅಪ್ಪನ ಕಾಲದಲ್ಲೂ ಮೂರಕ್ಕಿಂತ ಹೆಚ್ಚು ಹೊರಳಿದ ಕುದುರೆಯನ್ನು ಅವನು ಕಂಡಿರಲಿಲ್ಲ. ಎಲ್ಲ ರಾಜವಂಶದ ರಕ್ತ ಅಂದುಕೊಂಡ.

ಕೊರಟಗೆರೆಗೆ ತಾನೇ ಫೋನ್ ಮಾಡಿದ.

"ಸಾಬಿ, ಏಳು. ಏಳು ಸಲ ಹೊರಳಿದಳು. ಜೀನು ಹಾಕ್ತಾ ಇದೀನಿ. ಮಧುಗಿರಿ ಮುಗಿಸಿ ವಳ್ಳೂರಿಗೆ."

ಆ ಕಡೆ ಮಗು ಅಳುವುದು ಕೇಳಿಸಿತು. ಆಮೇಲೆ ಸಾಬೀರಾ ನಿಧಾನವಾಗಿ ಅಂದಳು: "ಬೆಳಗ್ಗೆ ಯಾಕೆ ಹೊರಳಿದಳು? ಕೆಲಸ ಮಾಡಿದ ಮೇಲಲ್ವಾ ಹೊರಳೋದು?"

"ಹತ್ತೊಂಬತ್ತು ದಿನದ ಬಾಕಿ ತೀರಿಸ್ತಾ ಅವಳೆ."

"ಲದ್ದಿ ಹಾಕಿದಾಳಾ?"

ಅಶ್ವಾಧಿಪತಿಗಳು ಲದ್ದಿಯ ವಿಚಾರಕ್ಕೆ ಹೋಗುವವರಲ್ಲ. ಲಾಯ ಗುಡಿಸುವುದು ಸಾಬೀರಾಳ ಪಾಲಿನದು. ಅವಳು ಹೋದ ಮೇಲೆ ತಾನು ಗುಡಿಸಿದ್ದು ಎಷ್ಟು ಸಲ ಎಂದು ಯೋಚಿಸಿದ. ಎರಡು ದಿನದಿಂದ ಗುಡಿಸುವುದಕ್ಕೆ ಏನೂ ಇರಲಿಲ್ಲ ಎಂದು ಹೊಳೆದು, ಕುದುರೆ ಎಷ್ಟು ಶುದ್ಧವಾಗಿದೆ ಅಂದುಕೊಂಡು, "ಹಾಕವಳೆ ಹಾಕವಳೆ" ಅಂದು ಫೋನು ಇಟ್ಟ.

ಸಾಗಿಸುವ ಗಾಡಿ ಮತೀನನದು. ಶೇಂಗಾ ಮೂಟೆ ಹೊರುವ ಸಣ್ಣ ಗೂಡ್ಸ್ ಗಾಡಿ. ನಲವತ್ತೈದು ದಾಟಿದ ಮತೀನನಿಗೆ ಮೂಟೆಯೂ ಕುದುರೆಯೂ ಒಂದೇ. ಆದರೆ ಅವತ್ತು ಅವನೂ ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿದ.

"ಹಿಂದ್ಗಡೆ ಒದೀತಾ ಐತೆ ಕಣಣ್ಣ. ಸುಮ್ನೆ ನಿಲ್ತಾ ಇಲ್ಲ."

"ಉಮೇದು ಕಣ್ಲಾ ಅದು. ಹತ್ತು ದಿನ ಕಟ್ಟಿಹಾಕಿದ್ರೆ ನೀನೂ ಒದೀತಿದ್ದೆ."

ಮಧುಗಿರಿಯಲ್ಲಿ ಬಿಸಿಲು ಬೆಟ್ಟದ ಬಂಡೆಯಿಂದ ಇಳಿದು ರಸ್ತೆಗೆ ಬಂದಾಗಿತ್ತು. ಜನ ಶಹಜಾದಿಯನ್ನು ಅಷ್ಟೊಂದು ಮೆಚ್ಚಿಕೊಂಡದ್ದು ಅದೇ ಮೊದಲು. ತಮಟೆ ಬಡಿದ ಹಾಗೆಲ್ಲ ಅದು ಮುಂಗಾಲಿನಿಂದ ನೆಲ ಕೆರೆಯಿತು. ಕುಣೀತಾ ಐತೆ ಎಂದರು. ಮೇಲ್ದುಟಿ ಎತ್ತಿ ಹಲ್ಲು ತೋರಿಸಿತು. ನಗ್ತಾ ಐತೆ ಎಂದು ಹೆಂಗಸರು ಮಕ್ಕಳನ್ನು ಎತ್ತಿ ತೋರಿಸಿದರು. ಆಗಾಗ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಜರಿ ನೋಡ್ಕೋತಾ ಅವಳೆ ಎಂದು ಶಫೀವುಲ್ಲಾ ತಾನೇ ವಿವರಿಸಿದ. ಎಲ್ಲರೂ ನಕ್ಕರು. ಪಾನಕ ಹಂಚುತ್ತಿದ್ದ ಒಬ್ಬಾಕೆ ಒಂದು ಲೋಟವನ್ನು ಕುದುರೆಯ ಮೂತಿಗೂ ಹಿಡಿಯಲು ಬಂದಳು. ಶಫೀವುಲ್ಲಾ ನಯವಾಗಿ ಕೈ ಅಡ್ಡ ಹಿಡಿದ.

"ಡ್ಯೂಟಿ ಮೇಲೆ ಕುಡಿಯಲ್ಲ ಅಮ್ಮ."

ಪಾವಗಡ ದಾಟಿದ ಮೇಲೆ ಗಾಡಿಯೊಳಗೆ ಒದೆತ ನಿಂತಿತು. ಉಮೇದು ಹಿಡಿತಕ್ಕೆ ಬಂತು ಎಂದ ಶಫೀವುಲ್ಲಾ. ಮತೀನ ಕನ್ನಡಿಯಲ್ಲಿ ಹಿಂದೆ ನೋಡಿದ.

ವಳ್ಳೂರಿನ ಹತ್ತಿರ ಬಂದಂತೆ ರಸ್ತೆಯ ಎರಡೂ ಕಡೆ ಹೊಲಗಳಿರಲಿಲ್ಲ, ಗಾಜಿನ ಹಲಗೆಗಳಿದ್ದವು. ಕಣ್ಣು ಹಾಯುವಷ್ಟು ದೂರ, ಸಾಲು ಸಾಲಾಗಿ, ಆಕಾಶಕ್ಕೆ ಮುಖ ಮಾಡಿ. ಬಿಸಿಲು ಓರೆಯಾಗಿ ಬಿದ್ದು ಅಷ್ಟೂ ಬಯಲು ಕೋಡಿ ಬಿದ್ದ ಕೆರೆಯಂತೆ ಹೊಳೆಯುತ್ತಿತ್ತು. ಒಂದು ಮರವಿಲ್ಲ, ಹಕ್ಕಿಯ ಸದ್ದಿಲ್ಲ. ಎಲ್ಲಿಂದಲೋ ಒಂದು ಸಣ್ಣ ಗುಂಯ್ ಎನ್ನುವ ಸದ್ದು ಮಾತ್ರ.

ಕುದುರೆ ಇಳಿಸುವಾಗ ಅದರ ಮೈ ಬೆವರಿ ಪೌಡರೆಲ್ಲ ಗೆರೆಗೆರೆಯಾಗಿತ್ತು. ಶಫೀವುಲ್ಲಾ ಇನ್ನೊಮ್ಮೆ ಪೌಡರು ಹಚ್ಚಿದ. ಡಿಜೆ ಗಾಡಿಯ ಪೆಟ್ಟಿಗೆಗಳು ಆಳೆತ್ತರ ಇದ್ದುದನ್ನು ನೋಡಿ, ಬೆದರದೆ ಇರಲೆಂದು ಕುದುರೆಯ ಎರಡೂ ಕಿವಿಗೆ ಹತ್ತಿ ತುರುಕಿದ. ತಾನೂ ಪೇಟ ಸುತ್ತಿಕೊಂಡ. ಫೋನನ್ನು ಶೇರ್ವಾನಿಯ ಒಳಜೇಬಿಗೆ ಹಾಕಿದ.

ಓಬಳರಾಜು ರೇಷ್ಮೆ ಪಂಚೆ ಉಟ್ಟುಕೊಂಡು ಬಂದು ಕುದುರೆಯನ್ನು ಸುತ್ತ ನೋಡಿದರು.

"ಸ್ವಲ್ಪ ಬಡವಾಗೈತಲ್ಲಯ್ಯಾ?"

"ರೇಸ್ ಮೈಕಟ್ಟು ಸಾರ್."

ಮಗ ಸುನೀಲ್‌ಕುಮಾರ್ ಕಪ್ಪು ಕನ್ನಡಕ ಹಾಕಿಕೊಂಡು, ಇಬ್ಬರು ಎತ್ತಿ ಕೂರಿಸಿದ ಮೇಲೆ, ಕತ್ತಿ ಎತ್ತಿ ಹಿಡಿದ. ಭಾರ ಬಿದ್ದ ಕೂಡಲೇ ಶಹಜಾದಿಯ ಬೆನ್ನು ಕೆಳಗೆ ಕುಸಿದು ಮತ್ತೆ ಮೇಲೆ ಬಂತು. ಡಿಜೆ ಶುರುವಾಯಿತು. ನೆಲವೇ ಅದುರಿತು. ಶೇರ್ವಾನಿಯ ಒಳಗೆ ಫೋನೂ ಅದುರುತ್ತಿತ್ತು. ನೆಲ ಯಾವುದು, ಫೋನ್ ಯಾವುದು ಎಂದು ಶಫೀವುಲ್ಲಾನಿಗೆ ತಿಳಿಯಲಿಲ್ಲ.

ಆಂಜನೇಯನ ಗುಡಿಯಿಂದ ಶಾಮಿಯಾನದವರೆಗೆ ಅರ್ಧ ಮೈಲಿ, ಸೋಲಾರಿನ ತಂತಿಬೇಲಿಯ ಪಕ್ಕದಲ್ಲೇ ದಾರಿ. ಮೊದಲ ತಿರುವಿನಲ್ಲಿ ಬಯಲು ಒಮ್ಮೆಲೇ ಎದುರಾಯಿತು. ಶಹಜಾದಿ ನಿಂತಿತು. ಮೂಗಿನ ಹೊಳ್ಳೆ ಅರಳಿತು. ತಲೆ ಎತ್ತಿ ಆ ಹೊಳೆಯುವ ವಿಸ್ತಾರವನ್ನು ನೋಡಿತು. ಅದಕ್ಕೆ ಏನು ಕಂಡಿತೋ ದೇವರಿಗೇ ಗೊತ್ತು. ಬೆಳಗಿನಿಂದ ಒಂದು ತೊಟ್ಟು ಕಾಣದ ಪ್ರಾಣಿ, ಮೆರವಣಿಗೆ ಬಿಟ್ಟು ಪಕ್ಕಕ್ಕೆ ತಿರುಗಿ ನಡೆಯತೊಡಗಿತು.

ಶಫೀವುಲ್ಲಾ ಲಗಾಮು ಜಗ್ಗಿದ. ನಾಲಿಗೆಯಿಂದ ಲೊಚಗುಟ್ಟಿದ; ಆ ಸದ್ದಿಗೆ ಅದು ಯಾವತ್ತೂ ನಿಲ್ಲುತ್ತಿತ್ತು. ಹೆಸರು ಹಿಡಿದು ಕೂಗಿದ. ಅವನೇ ತುರುಕಿದ ಹತ್ತಿ ಅವನ ದನಿಯನ್ನು ಒಳಗೆ ಬಿಡಲಿಲ್ಲ. ಅವನನ್ನು ಎಳೆದುಕೊಂಡೇ ಅದು ಹೋಯಿತು. ಓಡಲಿಲ್ಲ, ಕೆನೆಯಲಿಲ್ಲ. ಬೇಲಿಯವರೆಗೆ ಹೋಗಿ ತಂತಿಗೆ ಮೂತಿ ಒತ್ತಿ, ನಾಲಿಗೆ ಹೊರಗೆ ಹಾಕಿ, ಮುಂಗಾಲು ಎರಡನ್ನೂ ಮೆಲ್ಲಗೆ ಮಡಚಿತು. ಸುನೀಲ್‌ಕುಮಾರ್ ಕತ್ತಿನ ಮೇಲಿಂದ ಜಾರಿ, ಕತ್ತಿ ಸಮೇತ ನೆಲಕ್ಕೆ ಬಂದ.

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು.

"ನಮಸ್ಕಾರ ಮಾಡ್ತಾ ಐತೆ ನೋಡ್ರಪ್ಪಾ."

ವಿಜಿಲುಗಳು ಎದ್ದವು. ಡಿಜೆಯವನು ಸದ್ದು ಏರಿಸಿದ. ಓಬಳರಾಜು ಮಗನ ಮೈ ಮಣ್ಣು ಕೊಡವುತ್ತ, "ಟ್ರೈನಿಂಗ್ ಕೊಟ್ಟವ್ನೆ ಸಾಬು. ಜೆಸಿಬಿ ಇಂಗೆ ಮಾಡ್ತದಾ?" ಎಂದು ಸುತ್ತ ನೋಡಿದರು. ನೂರು ಫೋನುಗಳು ಎದ್ದು ಕುದುರೆಯ ಕಡೆ ತಿರುಗಿದವು. ಆ ಹೊತ್ತಿಗೆ ಶಹಜಾದಿಯ ಹಿಂಗಾಲೂ ಮಡಚಿದ್ದವು. ಅದು ಮಗ್ಗುಲಾಗಿ ಬಿದ್ದು ಹೊರಳಲು ನೋಡಿತು, ಜೀನು ಅಡ್ಡ ಬಂತು.

ಬೇಲಿಯ ಒಳಗಡೆ ಪಾಲಪ್ಪ ಎಂಬ ಮುದುಕ ಟ್ಯಾಂಕರಿನ ಪೈಪು ಹಿಡಿದು ಗಾಜಿನ ಹಲಗೆ ತೊಳೆಯುತ್ತಿದ್ದ. ಒಂದು ಕಾಲಕ್ಕೆ ಅದೇ ಹೊಲದಲ್ಲಿ ಕುರಿ ಕಾಯುತ್ತಿದ್ದವನು. ಪೈಪು ಕೆಳಗಿಟ್ಟು ತಂತಿಯ ಹತ್ತಿರ ಬಂದು ಬಗ್ಗಿ ನೋಡಿದ.

"ಸಾಬ್ರೇ, ಇದು ನಮಸ್ಕಾರ ಅಲ್ಲ. ಒಟ್ಟೆ ನೋಡಿ, ತಮಟೆ ಅಂಗೆ ಬಿಗ್ದೈತೆ. ಯಾವಾಗಿಂದ ಒಳ್ಳಾಡ್ತಾ ಐತೆ?"

"ಬೆಳಗ್ಗೆಯಿಂದ," ಅಂದ ಶಫೀವುಲ್ಲಾ. ಅಂದಮೇಲೆ ಅವನ ಬಾಯಿ ಹಾಗೇ ತೆರೆದುಕೊಂಡಿತು. "ಏಳು ಸಲ."

"ನೋವಿಗೆ ಕಣ್ರೀ ಅದು."

ಶಫೀವುಲ್ಲಾ ಕುದುರೆಯ ಕಿವಿಯಿಂದ ಹತ್ತಿ ಕಿತ್ತ. ಜೀನಿನ ಪಟ್ಟಿ ಬಿಚ್ಚಿ, ಜರಿಯ ಹೊದಿಕೆ ಎಳೆದ. ಅದು ಒಂದು ಕಡೆ ಅಂಟಿಕೊಂಡಿತ್ತು, ಕೀಳಬೇಕಾಯಿತು. ಕೆಳಗಿನದನ್ನು ಕಂಡು ಹತ್ತಿರವಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದರು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಡಿಜೆ ನಿಂತಿತು. ಆಗ ಅವನ ಶೇರ್ವಾನಿಯೊಳಗಿನ ಸದ್ದು ಎಲ್ಲರಿಗೂ ಕೇಳಿಸಿತು.

ಸಾಬೀರಾ. ಹದಿನೇಳನೆಯ ಸಲ.

"ಎಲ್ಲಿದೀರಿ? ಬೆಳಗ್ಗೆಯಿಂದ ಡಾಕ್ಟ್ರಮ್ಮನಿಗೆ ಫೋನ್ ಮಾಡ್ತಾನೇ ಇದ್ದೆ, ಈಗ ಸಿಕ್ಕಿದ್ರು. ಏಳು ಸಲ ಹೊರಳೋದು ಖುಷಿಗಲ್ಲ, ಕರುಳು ಕಟ್ಟಿಕೊಂಡಿರುತ್ತೆ ಅಂದ್ರು. ಪಾವಗಡದ ಡಾಕ್ಟ್ರಿಗೆ ಹೇಳವ್ರೆ, ಹೊರಟವ್ರೆ. ಅಲ್ಲೀ ತನಕ ನಡೆಸ್ತಾ ಇರಬೇಕಂತೆ. ಹೊರಳೋಕೆ ಬಿಡಬಾರದಂತೆ. ಕೇಳ್ತಾ ಇದೀರಾ? ಹೊರಳಿದ್ರೆ ಕರುಳು ತಿರುಚಿಕೊಳ್ಳುತ್ತೆ. ಹೊರಳೋಕೆ ಬಿಡಬೇಡಿ."

ಹತ್ತು ದಿನ ಹೊರಳು ಹೊರಳು ಎಂದು ಕಾಯುತ್ತ ಕೂತಿದ್ದವನು ಈಗ ಹೊರಳದಂತೆ ಅದನ್ನು ಎಬ್ಬಿಸಬೇಕಿತ್ತು. ಅವನೂ ಮತೀನನೂ ಮುಂದಿನಿಂದ ಎಳೆದರು. ಮದುಮಗ ಕನ್ನಡಕ ಬಿಚ್ಚಿಟ್ಟು ಹಿಂದಿನಿಂದ ಹೆಗಲು ಕೊಟ್ಟ. ಶಹಜಾದಿ ಎದ್ದಿತು. ಪಾಲಪ್ಪ ಬೇಲಿಯ ಸಂದಿಯಿಂದ ಪೈಪು ಹೊರಗೆ ಚಾಚಿ, ಒಂದು ಬೊಗಸೆಯಷ್ಟೇ ಎಂದು ಹೇಳಿ, ನೀರು ಬಿಟ್ಟ. ಶಫೀವುಲ್ಲಾ ಪೇಟ ಬಿಚ್ಚಿ ಅದರ ಮಡಿಲಲ್ಲಿ ನೀರು ಹಿಡಿದು ಮೂತಿಗೆ ಒಡ್ಡಿದ. ಅದು ಮೂಗು ಇಟ್ಟು ನಿಂತಿತು. ಕುಡಿಯಲಿಲ್ಲ. ನೀರು ಜರಿಯ ಬಟ್ಟೆಯಿಂದ ಸೋರಿ ಅವನ ಶೇರ್ವಾನಿಯ ಮೇಲೆಲ್ಲ ಇಳಿಯಿತು.

ನಡೆಸಿದ. ಬೇಲಿಯ ಪಕ್ಕ ಆ ತುದಿಯವರೆಗೆ, ಅಲ್ಲಿಂದ ವಾಪಸ್ಸು. ಮೆರವಣಿಗೆ ಮದುಮಗನನ್ನು ನಡೆಸಿಕೊಂಡು ಮುಂದಕ್ಕೆ ಹೋಯಿತು; ಮುಹೂರ್ತಗಳು ಕುದುರೆಗಾಗಿ ಕಾಯುವುದಿಲ್ಲ. ಓಬಳರಾಜು ಒಮ್ಮೆ ಹಿಂದಕ್ಕೆ ಬಂದು ಬೈಯಲು ಬಾಯಿ ತೆರೆದು, ಆ ಬೆನ್ನನ್ನು ನೋಡಿ ಮುಚ್ಚಿಕೊಂಡು ಹೋದರು. ಶಹಜಾದಿಯ ತಲೆ ಶಫೀವುಲ್ಲಾನ ಹೆಗಲ ಮೇಲೆ ಇತ್ತು. ಹೆಜ್ಜೆ ಹೆಜ್ಜೆಗೂ ಹೆಚ್ಚು ಭಾರವಾಗುತ್ತಿತ್ತು. ಪಕ್ಕದ ಗಾಜಿನ ಸಾಲುಗಳಲ್ಲಿ ಇನ್ನೊಬ್ಬ ಮನುಷ್ಯ ಇನ್ನೊಂದು ಕುದುರೆಯನ್ನು ಹೊತ್ತವನ ಹಾಗೆ ಜೊತೆಗೇ ಬರುತ್ತಿದ್ದ.

ಸುಬೇದಾರರ ಲಾಯದ ಬಗ್ಗೆ ಶಫೀವುಲ್ಲಾ ಯೋಚಿಸಲಿಲ್ಲ. ಅಪ್ಪನ ಬಗ್ಗೆ ಯೋಚಿಸಿದ. ಹೊರಳಿದ ಮೇಲೆ ಕುದುರೆ ಮೈ ಕೊಡವಿಕೊಂಡಿತಾ ಎಂದು ಅಪ್ಪ ನೋಡುತ್ತಿದ್ದುದು, ಕೊಡವಿದ ಮೇಲೇ ಒಳಗೆ ಹೋಗುತ್ತಿದ್ದುದು ಈಗ ನೆನಪಾಯಿತು. ಹೊರಳನ್ನು ಎಣಿಸುವುದನ್ನು ಕಲಿತಿದ್ದ ತಾನು ಅದನ್ನು ಯಾಕೆ ಮರೆತೆ ಎಂದು ನೆನೆಸಿಕೊಂಡಷ್ಟೂ ತಿಳಿಯಲಿಲ್ಲ.

ಮೂರನೆಯ ಸುತ್ತಿಗೆ ಅದು ನಿಂತಿತು. ಅವನು "ಬೇಟಿ, ಇನ್ನೊಂದು ಸುತ್ತು" ಅಂದ. ಕಿವಿ ಅವನ ಕಡೆ ತಿರುಗಿತು. ಈಗ ಕೇಳಿಸುತ್ತಿತ್ತು. ಆದರೂ ಮಂಡಿ ಮಡಚಿ, ಅವಸರವಿಲ್ಲದೆ, ಪೈಪಿನ ನೀರು ಹರಿದು ಕೆಸರಾಗಿದ್ದ ಕಡೆ ಮಲಗಿತು. ಅವನೂ ಮತೀನನೂ ಜಗ್ಗಿದರು. ಕತ್ತು ಜೋತುಬಿತ್ತು, ಈ ಸಲ ಕಿವಿಯೂ ತಿರುಗಲಿಲ್ಲ. ಪಾಲಪ್ಪ ಬೇಲಿಯಾಚೆ ನಿಂತು ತಲೆಯ ವಸ್ತ್ರ ತೆಗೆದ.

ಪಾವಗಡದ ಕಡೆಯ ರಸ್ತೆಯಲ್ಲಿ ದೂರದಿಂದ ಒಂದು ಜೀಪು ಬರುತ್ತಿರುವುದು ಕಂಡಿತು, ಹಿಂದೆ ಧೂಳು. ಫೋನು ಮತ್ತೆ ಅದುರಿತು. ಶಫೀವುಲ್ಲಾ ಕೆಸರಿನಲ್ಲಿ ಕೂತು, ಕುದುರೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಎತ್ತಿಕೊಂಡ.

"ಡಾಕ್ಟ್ರು ಬಂದ್ರಾ?" ಅಂದಳು ಸಾಬೀರಾ.

"ಬರ್ತಾ ಅವ್ರೆ."

"ಹೊರಳ್ತಾ ಇದಾಳಾ?"

ಅವನು ಕೆಳಗೆ ನೋಡಿದ.

"ಇಲ್ಲ ಸಾಬಿ," ಅಂದ. "ಹೊರಳ್ತಾ ಇಲ್ಲ."

ಸಾಬೀರಾ ದಿನಾ ಅನ್ನುತ್ತಿದ್ದ ಹಾಗೆ 'ಹೂಂ' ಎಂದು ಇಡುತ್ತಾಳೆ ಎಂದು ಅವನು ಕಾದ. ಅವಳು ಫೋನು ಇಡಲಿಲ್ಲ.